ಕಡಲೆಬೀಜ ಆಗದ ಮಗು, ಪಾರ್ಕಿನ ಊಟ

ಸೋಮವಾರಪೇಟೆಯ ತಾಯಿಯೊಬ್ಬರು ಕೇಳಿದ್ದಾರೆ: ಆರು ವರ್ಷದ ಮಗನಿಗೆ ಕಡಲೆಬೀಜದ ಅಲರ್ಜಿ, ಬೇಸಿಗೆ ರಜೆಯಲ್ಲಿ ಚಿಕ್ಕಪ್ಪನ ಮಕ್ಕಳ ಜೊತೆ ಬೆಂಗಳೂರು ಕಡೆಯ ವಾಟರ್ ಪಾರ್ಕಿಗೆ ಹೊರಟಿದ್ದಾರೆ, ಇಡೀ ದಿನ ಏನು ತಿನ್ನಿಸುವುದು, ಬಿಟ್ಟೇ ಹೋಗಬೇಕಾ ಅಂತ.

ಕರೆದುಕೊಂಡು ಹೋಗಿ. ನನ್ನ ಮಗಳಿಗೀಗ ಒಂಬತ್ತು, ಅವಳಿಗೂ ಅದೇ ಅಲರ್ಜಿ. ಮೂರು ಸಲ ಪಾರ್ಕು ನೋಡಿದ್ದೇವೆ, ಮೊದಲನೇ ಸಲ ಮಾತ್ರ ಕೆಟ್ಟದಾಯಿತು.

ಅದು ಹೊರ ರಾಜ್ಯದ ಪಾರ್ಕು. ಕೌಂಟರಿನಲ್ಲಿ ಕೇಳಿದೆ, ಕಡಲೆಬೀಜ ಹಾಕಲ್ಲ ಅಂದರು. ಆಲೂಗಡ್ಡೆ ಫ್ರೈಸ್ ತಾನೇ ಅಂತ ಕೊಡಿಸಿದೆ. ಅದೇ ಬಾಣಲೆಯಲ್ಲಿ ಮಸಾಲೆ ಕಡಲೆಬೀಜವನ್ನೂ ಕರಿಯುತ್ತಿದ್ದರು. ನಾಲ್ಕು ತುಂಡು ತಿಂದಿರಬೇಕು, ನಾಲಿಗೆಯನ್ನು ಹಲ್ಲಿಗೆ ಉಜ್ಜಿಕೊಳ್ಳತೊಡಗಿದಳು. ಆಮೇಲೆ ಕೆಮ್ಮು, ಧ್ವನಿ ಗೊಗ್ಗರು. ಅಲರ್ಜಿ ಜೋರಾದಾಗ ಚುಚ್ಚುವ ಅಡ್ರಿನಲಿನ್ ಔಷಧಿ ಇದ್ದ ಚೀಲ ಲಾಕರಿನಲ್ಲಿ, ಲಾಕರಿನ ಕೀ ನೀರಿನಲ್ಲಿ ಆಡುತ್ತಿದ್ದ ನಮ್ಮ ಯಜಮಾನರ ಮಣಿಕಟ್ಟಿನಲ್ಲಿ. ಆ ಓಟ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ತೊಡೆಗೆ ಚುಚ್ಚಿದ ಮೇಲೆ ಉಸಿರು ಸರಿಹೋಯಿತು. ಒಮ್ಮೆ ಇಳಿದದ್ದು ಕೆಲವು ಗಂಟೆ ಬಿಟ್ಟು ಮತ್ತೆ ಏರಬಹುದು ಅಂತ ರಾತ್ರಿ ಆಸ್ಪತ್ರೆಯಲ್ಲೇ ಉಳಿಸಿಕೊಂಡರು.

ಅವತ್ತಿನಿಂದ ಔಷಧಿ ನೀರು ಹೋಗದ ಪೌಚಿನಲ್ಲಿ, ನೀರಿಗಿಳಿಯದ ಒಬ್ಬರ ಕೊರಳಲ್ಲಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೂ ಬಿಡಬೇಡಿ, ಶಾಖಕ್ಕೆ ಕೆಡುತ್ತದೆ. ಪೆನ್ನಿನಂಥ ಇಂಜೆಕ್ಷನ್ ನಮಗೆ ಇಲ್ಲಿ ಸಿಗಲಿಲ್ಲ. ಡಾಕ್ಟರು ಆಂಪೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ), ಸಿರಿಂಜ್ ಕೊಟ್ಟು, ತೂಕಕ್ಕೆ ತಕ್ಕ ಪ್ರಮಾಣ ಬರೆದು, ನಮ್ಮಿಬ್ಬರ ಕೈಯಲ್ಲೂ ಮಾಡಿಸಿ ನೋಡಿದರು. ನಿಮ್ಮ ಡಾಕ್ಟರನ್ನೂ ಇದೇ ಕೇಳಿ. ಸಿಟ್ರಿಜಿನ್ ಎಂಬ ಅಲರ್ಜಿ ಔಷಧಿ ತುರಿಕೆಗೆ ಸರಿ. ಉಸಿರು ಕಟ್ಟಿದಾಗ ಅದನ್ನು ನಂಬಿ ಕೂರಬೇಡಿ. ಚುಚ್ಚಿ, 108ಕ್ಕೆ ಫೋನ್ ಮಾಡಿ.

ಇನ್ನು ಕೇಳುವ ಬಗೆ. ‘ಕಡಲೆ’ ಅಂದರೆ ಒಬ್ಬರು ಹುರಿಗಡಲೆ ಅಂದುಕೊಳ್ಳುತ್ತಾರೆ, ಇನ್ನೊಬ್ಬರು ಕಡಲೆಬೇಳೆ. ಕಡಲೆಕಾಯಿ, ನೆಲಗಡಲೆ, ಶೇಂಗಾ, ಮೂರೂ ಹೇಳಿ. ಮಲಯಾಳಿ ಬೇಕರಿಯಲ್ಲಿ ‘ಕಪ್ಪಲಂಡಿ’, ಹಿಂದಿಯವರಿಗೆ ‘ಮೂಂಗ್‌ಫಲಿ’. ಬಂಗಾಳದ ಹುಡುಗರಿಗೆ ‘ಬಾದಾಮ್’ ಅಂದರೇ ಕಡಲೆಬೀಜ, ಬಾದಾಮಿಯಲ್ಲ! ಕೌಂಟರಿನವರನ್ನು ಬಿಟ್ಟು ಒಲೆ ಮುಂದೆ ನಿಂತವರನ್ನು ಕೇಳಿ: ಎಣ್ಣೆ ಯಾವುದು, ಇದೇ ಎಣ್ಣೆಯಲ್ಲಿ ಬೇರೆ ಏನು ಕರಿದಿರಿ? ಗೋಣಿಕೊಪ್ಪಲಿನ ನಮ್ಮ ನಾದಿನಿ ತನ್ನ ಮಗನನ್ನು ಹನ್ನೊಂದೂವರೆಗೇ ಊಟಕ್ಕೆ ಕೂರಿಸುತ್ತಾಳೆ. ಆಗ ನೂಕುನುಗ್ಗಲಿಲ್ಲ, ಭಟ್ಟರು ಹೊರಗೆ ಬಂದು ಮಾತಾಡುತ್ತಾರೆ.

ಎಷ್ಟೋ ಪಾರ್ಕುಗಳಲ್ಲಿ ಹೊರಗಿನ ತಿಂಡಿ ಬಿಡುವುದಿಲ್ಲ. ಮೊದಲೇ ಫೋನ್ ಮಾಡಿ ಹೇಳಿ, ಡಾಕ್ಟರ ಚೀಟಿ ಕೈಯಲ್ಲಿರಲಿ. ನಮಗೆ ಎರಡು ಕಡೆ ಗೇಟಿನಲ್ಲಿ ತಕರಾರಾಗಲಿಲ್ಲ. ನಾನು ಕಟ್ಟುವುದು ಕಡಂಬುಟ್ಟು, ಒಂದು ಡಬ್ಬಿ ಕೋಳಿ ಪಲ್ಯ. ಅಕ್ಕಿತರಿಯ ಉಂಡೆಗೆ ನೆಲಗಡಲೆ ಸೋಂಕುವ ದಾರಿಯೇ ಇಲ್ಲ, ಆರಿದರೂ ಮಗು ತಿನ್ನುತ್ತದೆ. ಕುಶಾಲನಗರ ದಾಟಿ ತಿಂಡಿಗೆ ನಿಲ್ಲಿಸಿದರೆ ಚಟ್ನಿ, ಚಿತ್ರಾನ್ನ, ಪುಳಿಯೋಗರೆ ಮೂರರಿಂದಲೂ ದೂರ.

ಪ್ಯಾಕೆಟ್ ತಿಂಡಿ ಸ್ವಲ್ಪ ವಾಸಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 2020ರ ನಿಯಮದಂತೆ ಕಡಲೆಬೀಜ, ಗೋಡಂಬಿಯಂಥವು, ಹಾಲು, ಮೊಟ್ಟೆ, ಮೀನು, ಸೋಯಾ ಇದ್ದರೆ ಲೇಬಲ್ಲಿನಲ್ಲಿ ಬರೆಯಲೇಬೇಕು. ಹತ್ತು ಅಥವಾ ಹೆಚ್ಚು ಕಡೆ ಮಳಿಗೆ ಇರುವ ಹೋಟೆಲುಗಳೂ ಅಲರ್ಜಿಯ ಮಾಹಿತಿ ಕೊಡಬೇಕು, ಧೈರ್ಯವಾಗಿ ಕೇಳಿ.

ಚಿಕ್ಕಪ್ಪನ ಮಕ್ಕಳಿಗೂ ಮನೆಯಲ್ಲೇ ಹೇಳಿಟ್ಟಿರಿ, ಕಾರಿನಲ್ಲಿ ಚಿಕ್ಕಿ ಬೇಡ. ತಿಂದಿದ್ದರೆ ಸೋಪು ಹಾಕಿ ಕೈ ತೊಳೆಯಲಿ, ಸ್ಯಾನಿಟೈಜರಿಗೆ ಅದು ಹೋಗುವುದಿಲ್ಲ.

ಮಗನಿಗೆ ಗೋಡಂಬಿ ಆಗುತ್ತದಾ ಅಂತ ನೀವು ಬರೆದಿಲ್ಲ. ಹೊರಡುವ ಮುಂಚೆ ಡಾಕ್ಟರ ಹತ್ತಿರ ತಿಳಿದುಕೊಳ್ಳಿ. ಪನೀರ್ ಗ್ರೇವಿಗಳಿಗೆ ಅದನ್ನು ಅರೆದು ಹಾಕಿರುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ.