ಕರೆಂಟ್ ಹೋಗಿ ಬಂದರೆ ಎಸ್‌ಡಿಬಿ ಹೋಗಿ ಎಸ್‌ಡಿಸಿ ಆಗುತ್ತೆ: ಡಿಸ್ಕಿಗೆ ಈ ನಂಬರ್ ಕೊಡೋದು ಯಾರು?

ಯಗಚಿ_ತೀರ (ಚಿಕ್ಕಮಗಳೂರು)

ಐ.ಜಿ. ರಸ್ತೆಯ ಒಂದು ಲೆಕ್ಕಪತ್ರದ ಆಫೀಸಿನ ಸಿಸ್ಟಂ. ಉಬುಂಟು. 250 ಜಿಬಿ ಸಾಟಾ ಎಸ್‌ಎಸ್‌ಡಿಯಲ್ಲಿ ಓಎಸ್, ಕ್ಯಾಬಿನೆಟ್ ಒಳಗೆ 4 ಟಿಬಿ ಹಾರ್ಡ್ ಡಿಸ್ಕ್ ಒಂದು, ಬ್ಯಾಕಪ್‌ಗೆ ಯುಎಸ್‌ಬಿಯಲ್ಲಿ 4 ಟಿಬಿಯದೇ ಇನ್ನೊಂದು. ಹೊರಗಿನದಕ್ಕೆ ಪ್ರತ್ಯೇಕ 12 ವೋಲ್ಟ್ ಅಡಾಪ್ಟರ್ ಇದೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕನ್ನು ಯಾವ ಫೋಲ್ಡರಿಗೆ ಜೋಡಿಸಬೇಕು, ಅಂದರೆ ಮೌಂಟ್ ಮಾಡಬೇಕು ಎಂಬ ಪಟ್ಟಿ) ಒಳಗಿನದು /ಡೆವ್/ಎಸ್‌ಡಿಬಿ1, ಹೊರಗಿನದು /ಡೆವ್/ಎಸ್‌ಡಿಸಿ1 ಎಂದು ಬರೆದಿದೆ. ರಾತ್ರಿ 11ಕ್ಕೆ ಒಳಗಿನದನ್ನು ಹೊರಗಿನದಕ್ಕೆ ನಕಲು ಮಾಡುವ ಆರ್‌ಸಿಂಕ್, ಡಿಲೀಟ್ ಆಯ್ಕೆಯೊಂದಿಗೆ (ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸುವುದು) ಓಡುತ್ತೆ.

ಈ ಮಳೆಗಾಲದಲ್ಲಿ ಎರಡು ತರಹದ ತೊಂದರೆ. ಒಂದು, ಕರೆಂಟ್ ಹೋಗಿ ಬಂದ ಮೇಲೆ ಕೆಲವು ಸಲ ಬೂಟ್ ನಿಂತು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತೆ. ಕೆಲವು ಸಲ ಬೂಟ್ ಆಗುತ್ತೆ, ಆದರೆ ಎರಡು ಡಿಸ್ಕ್ ಅದಲುಬದಲು. ಎರಡು, ಕಂಪ್ಯೂಟರ್ ಆಫ್ ಆಗದೇ ಇದ್ದರೂ ಹೊರಗಿನ ಡಿಸ್ಕ್ ಎಸ್‌ಡಿಸಿ ಇದ್ದದ್ದು ಎಸ್‌ಡಿಡಿ ಆಗಿ ಕೂತಿರುತ್ತೆ. ಸುಮ್ಮನೆ ರೀಸ್ಟಾರ್ಟ್ ಮಾಡಿದರೆ ಏನೂ ಆಗಲ್ಲ.

ಪಕ್ಕದ ವಿಂಡೋಸ್ ಸಿಸ್ಟಂನಲ್ಲಿ ಬೇರೆ ಕಥೆ: ಕ್ಲೋನ್ ಮಾಡಿದ ಡಿಸ್ಕ್ ಹಾಕಿದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆಫ್‌ಲೈನ್ ಎಂದು ತೋರಿಸುತ್ತೆ. ಕೇಬಲ್ ಬದಲಿಸಿಯಾಯಿತು.

ಹಳೇ_ಫ್ಲಾಪಿ (ಹಾಸನ)

ಮೊದಲೇ ಒಂದು ಮಾತು: ಕಮಾಂಡುಗಳನ್ನೆಲ್ಲ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯುತ್ತೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಹೊಡೆಯಿರಿ.

ನಿಮ್ಮ ಎಫ್‌ಎಸ್‌ಟ್ಯಾಬ್ ಬರೆದವರು ಎಸ್‌ಡಿಬಿ ಅನ್ನೋದನ್ನು ಡಿಸ್ಕಿನ ಹೆಸರು ಅಂದುಕೊಂಡಿದ್ದಾರೆ. ಅದು ಊಟದ ಪಂಕ್ತಿಯಲ್ಲಿ ಕೂತ ಎಲೆ. ಮೊದಲು ಬಂದವನಿಗೆ ಮೊದಲ ಎಲೆ, ಅಷ್ಟೇ. ಕರ್ನಲ್ (ಓಎಸ್‌ನ ತಿರುಳು) ಡಿಸ್ಕುಗಳನ್ನು ಒಂದಾದ ಮೇಲೊಂದು ಕಾದು ಕೂತು ಹುಡುಕಲ್ಲ, ಸಾಟಾ ಪೋರ್ಟುಗಳನ್ನೂ ಯುಎಸ್‌ಬಿಯನ್ನೂ ಒಟ್ಟೊಟ್ಟಿಗೆ ತಡಕುತ್ತದೆ. ಉತ್ತರ ಬಂದ ಕ್ರಮದಲ್ಲಿ ಎ, ಬಿ, ಸಿ. 26 ಮುಗಿದರೆ ಎಸ್‌ಡಿಎಎ.

ರೀಸ್ಟಾರ್ಟ್‌ನಲ್ಲಿ ಯಾಕೆ ಸರಿ ಇರುತ್ತೆ, ಕರೆಂಟ್ ಹೋದಾಗ ಯಾಕೆ ಕೆಡುತ್ತೆ? ರೀಸ್ಟಾರ್ಟ್‌ನಲ್ಲಿ ಹಾರ್ಡ್ ಡಿಸ್ಕಿನ ತಟ್ಟೆ ತಿರುಗುತ್ತಲೇ ಇರುತ್ತೆ, ಕೇಳಿದ ತಕ್ಷಣ ಉತ್ತರ. ಪೂರ್ತಿ ಆಫ್ ಆಗಿ ಬಂದಾಗ ತಟ್ಟೆ ವೇಗ ಹಿಡಿಯೋಕೆ ಕೆಲವು ಸೆಕೆಂಡ್ ಬೇಕು. ಎರಡು ಡಿಸ್ಕಿನಲ್ಲಿ ಯಾವುದು ಮುಂದೆ ಅನ್ನೋದು ಆಯಾ ಬೆಳಗಿನ ಅದೃಷ್ಟ.

ಹಳೇ ಕಾಲದಲ್ಲಿ ಹೀಗಿರಲಿಲ್ಲ. ಐಡಿಇ ಕೇಬಲ್ ಇದ್ದಾಗ ಎಚ್‌ಡಿಎ ಅಂದರೆ ಪ್ರೈಮರಿ ಮಾಸ್ಟರ್, ಎಚ್‌ಡಿಬಿ ಪ್ರೈಮರಿ ಸ್ಲೇವ್, ಎಚ್‌ಡಿಸಿ ಸೆಕೆಂಡರಿ ಮಾಸ್ಟರ್. ಜಂಪರ್ ಮತ್ತು ಕೇಬಲ್ ನೋಡಿಯೇ ಹೆಸರು ಹೇಳಬಹುದಿತ್ತು. ಮಧ್ಯದ ಡಿಸ್ಕ್ ತೆಗೆದರೂ ಉಳಿದವುಗಳ ಹೆಸರು ಅಲ್ಲಾಡುತ್ತಿರಲಿಲ್ಲ. 2007ರ ಆಸುಪಾಸಿನಲ್ಲಿ ಲಿನಕ್ಸ್‌ಗಳು ಲಿಬ್‌ಎಟಿಎ ಡ್ರೈವರ್‌ಗೆ ದಾಟಿದವು, ಐಡಿಇ, ಸಾಟಾ, ಯುಎಸ್‌ಬಿ ಎಲ್ಲವೂ ಸ್ಕಸಿ ಎಂಬ ಒಂದೇ ಡ್ರೈವರ್ ಪದರದ ಕೆಳಗೆ ಬಂದು ಎಸ್‌ಡಿ ಆದವು. ಆಗಿನ ಗೈಡ್‌ಗಳನ್ನು ಇವತ್ತಿಗೂ ಕಾಪಿ ಹೊಡೆಯುವುದರಿಂದ ಈ ರೋಗ ಉಳಿದಿದೆ.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳೋದಾದರೆ, ಸರ್ವೆ ನಂಬರ್ 45, ಹಿಸ್ಸಾ 2 ಅಂತೀವಲ್ಲ, ಎಸ್‌ಡಿಬಿ2 ನೋಡೋಕೆ ಹಾಗೇ ಇದೆ. ಆದರೆ ಇಲ್ಲಿ ಹಿಸ್ಸಾ ಮಾತ್ರ ದಾಖಲೆಯಲ್ಲಿರೋದು. ಕೊನೆಯ 2 ಡಿಸ್ಕಿನ ಪಾರ್ಟಿಷನ್ ಟೇಬಲ್‌ನಲ್ಲಿ ಕೂತಿದೆ, ಪೋಡಿ ಮಾಡುವ ತನಕ ಬದಲಾಗಲ್ಲ. ಮುಂದಿನ ಬಿ ಎಲ್ಲೂ ಬರೆದಿಲ್ಲ.

ಎಣಿಕೆ ಎಲ್ಲಿಂದ ಶುರು ಅನ್ನೋದೂ ಒಂದೊಂದು ಕಡೆ ಒಂದೊಂದು ಥರ. ಎನ್‌ವಿಎಂಇ0ಎನ್1ಪಿ2 ಅಂದರೆ ಕಂಟ್ರೋಲರ್ 0, ನೇಮ್‌ಸ್ಪೇಸ್ 1, ಪಾರ್ಟಿಷನ್ 2. ಮೊದಲನೆಯದು ಸೊನ್ನೆಯಿಂದ, ಉಳಿದೆರಡು ಒಂದರಿಂದ. ಓಎಸ್ ಎಬ್ಬಿಸುವ ಗ್ರಬ್ 2ರಲ್ಲಿ ಎಚ್‌ಡಿ0,ಜಿಪಿಟಿ1: ಡಿಸ್ಕ್ ಸೊನ್ನೆಯಿಂದ, ಪಾರ್ಟಿಷನ್ ಒಂದರಿಂದ. ಹಳೇ ಗ್ರಬ್‌ನಲ್ಲಿ ಎರಡೂ ಸೊನ್ನೆಯಿಂದ. ಗ್ರಬ್‌ನ ಎಚ್‌ಡಿ0 ಬಯಾಸ್ ಅಥವಾ ಯುಇಎಫ್‌ಐ ಕೊಟ್ಟ ಕ್ರಮ, ಲಿನಕ್ಸ್‌ನ ಎಸ್‌ಡಿಎಗೂ ಅದಕ್ಕೂ ಒಪ್ಪಂದವೇನೂ ಇಲ್ಲ. ಡಿಎಂಇಎಸ್‌ಜಿಯಲ್ಲಿ (ಕರ್ನಲ್‌ನ ಸಂದೇಶಗಳ ಪಟ್ಟಿ) ಎಟಿಎ3 ಎಂದು ಕಂಡ ಸಾಟಾ ಪೋರ್ಟೇ /ಸಿಸ್/ಬ್ಲಾಕ್ ಒಳಗೆ ಸಾಮಾನ್ಯವಾಗಿ ಹೋಸ್ಟ್2. ಬೋರ್ಡ್ ಮೇಲೆ ಅಚ್ಚಾದ ಸಂಖ್ಯೆ ಇದ್ಯಾವುದರ ಜೊತೆಗೂ ತಾಳೆಯಾಗಬೇಕೆಂದಿಲ್ಲ.

ಈಗ ಮಾಡಬೇಕಾದ್ದು. ಎಲ್‌ಎಸ್‌ಬಿಎಲ್‌ಕೆ -ಓ ನೇಮ್,ಸೈಜ್,ಮಾಡೆಲ್,ಸೀರಿಯಲ್,ಟ್ರಾನ್,ಯುಯುಐಡಿ ಹೊಡೆಯಿರಿ. 4 ಟಿಬಿ ಎರಡೂ 3.6ಟಿ ಎಂದು ಕಾಣುತ್ತವೆ (1024ರ ಲೆಕ್ಕ), ಗಾತ್ರ ನೋಡಿ ಗುರುತು ಹಿಡಿಯೋಕಾಗಲ್ಲ. ಟ್ರಾನ್ ಕಾಲಂನಲ್ಲಿ ಸಾಟಾ, ಯುಎಸ್‌ಬಿ ಎಂದು ಬರೋದೇ ನಂಬಿಕೆಯ ಗುರುತು. ಯುಯುಐಡಿ ಅಂದರೆ ಫಾರ್ಮ್ಯಾಟ್ ಮಾಡುವಾಗ ಬೀಳುವ ಗುರುತು ಸಂಖ್ಯೆ; ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ಸಿಸ್ಟಂ) ಯುಯುಐಡಿ ಅಡ್ಡಗೆರೆಗಳೂ ಸೇರಿ 36 ಅಕ್ಷರ, ಎನ್‌ಟಿಎಫ್‌ಎಸ್ ಆದರೆ 16, ಫ್ಯಾಟ್ ಆದರೆ ನಡುವೆ ಗೆರೆ ಇಟ್ಟು ಎಂಟೇ. ಎಫ್‌ಎಸ್‌ಟ್ಯಾಬ್‌ನ ಒಂದು ನಕಲು ಇಟ್ಟುಕೊಂಡು, ಎರಡೂ ಸಾಲಿನಲ್ಲಿ /ಡೆವ್/... ತೆಗೆದು ಯುಯುಐಡಿ= ಹಾಕಿ. ಹೊರಗಿನ ಡಿಸ್ಕಿನ ಆಯ್ಕೆಗಳಲ್ಲಿ ಡಿಫಾಲ್ಟ್ಸ್ ಜೊತೆ ನೋಫೇಲ್ (ಡಿಸ್ಕ್ ಇಲ್ಲದಿದ್ದರೂ ಬೂಟ್ ಮುಂದುವರಿಯಲಿ ಎಂಬ ಆಯ್ಕೆ) ಸೇರಿಸಿ. ಅದಿಲ್ಲದಿದ್ದರೆ ಸಿಸ್ಟಂಡಿ (ಬೂಟ್ ನಡೆಸುವ ಪ್ರೋಗ್ರಾಂ) ಆ ಡಿಸ್ಕಿಗಾಗಿ 90 ಸೆಕೆಂಡ್ ಕಾದು, ಬರದಿದ್ದರೆ ಎಮರ್ಜೆನ್ಸಿ ಮೋಡ್‌ಗೆ ಇಳಿಸುತ್ತೆ. ನಿಮ್ಮ ಮೊದಲ ತೊಂದರೆ ಅದೇ. ರೀಬೂಟ್ ಮಾಡುವ ಮುಂಚೆ ಫೈಂಡ್‌ಎಂಎನ್‌ಟಿ --ವೆರಿಫೈ, ಆಮೇಲೆ ಸಿಸ್ಟಂಸಿಟಿಎಲ್ ಡೀಮನ್-ರೀಲೋಡ್, ಮೌಂಟ್ -ಎ. ತಪ್ಪಿದ್ದರೆ ಕುಳಿತಲ್ಲೇ ಗೊತ್ತಾಗುತ್ತೆ.

ಅರೇಬಿಕಾ (ಮೂಡಿಗೆರೆ)

ಮೇಲಿನದು ಸರಿ, ಆದರೆ ನೋಫೇಲ್ ಹಾಕಿ ಆರ್‌ಸಿಂಕ್ ಸ್ಕ್ರಿಪ್ಟ್ ಹಾಗೇ ಬಿಟ್ಟರೆ ಹೊಸ ಗುಂಡಿ ತೋಡಿದ ಹಾಗೆ. ಬ್ಯಾಕಪ್ ಡಿಸ್ಕ್ ಬರಲಿಲ್ಲ ಅಂದುಕೊಳ್ಳಿ. ಬೂಟ್ ಸುಸೂತ್ರ ಆಗುತ್ತೆ. /ಎಂಎನ್‌ಟಿ/ಬ್ಯಾಕಪ್ ಅನ್ನೋ ಖಾಲಿ ಫೋಲ್ಡರ್ ಎಸ್‌ಎಸ್‌ಡಿಯಲ್ಲೇ ಇದೆ, 11 ಗಂಟೆಗೆ ಆರ್‌ಸಿಂಕ್ ಅದರೊಳಗೆ ಸುರಿಯುತ್ತೆ. 250 ಜಿಬಿ ತುಂಬಿ ಬೆಳಗ್ಗೆ ಲಾಗಿನ್ ಕೂಡ ಆಗಲ್ಲ. ತಿರುಗುಮುರುಗು ಇನ್ನೂ ಕೆಟ್ಟದ್ದು: ಒಳಗಿನ ದತ್ತಾಂಶದ ಡಿಸ್ಕ್ ಮೌಂಟ್ ಆಗದೆ ಮೂಲ ಫೋಲ್ಡರ್ ಖಾಲಿ ಇದ್ದರೆ, ಡಿಲೀಟ್ ಆಯ್ಕೆ ಬ್ಯಾಕಪ್ಪನ್ನೇ ಗುಡಿಸಿ ಹಾಕುತ್ತೆ.

ಆದ್ದರಿಂದ ಒಳಗಿನ ಡಿಸ್ಕಿಗೆ ನೋಫೇಲ್ ಬೇಡವೇ ಬೇಡ. ಸ್ಕ್ರಿಪ್ಟ್‌ನ ಮೊದಲೆರಡು ಸಾಲು ಹೀಗಿರಲಿ: ಮೌಂಟ್‌ಪಾಯಿಂಟ್ -ಕ್ಯೂ /ಎಂಎನ್‌ಟಿ/ಡೇಟಾ || ಎಕ್ಸಿಟ್ 1, ಹಾಗೇ ಬ್ಯಾಕಪ್‌ಗೂ. ಜೊತೆಗೆ ಎರಡೂ ಅನ್‌ಮೌಂಟ್ ಆಗಿರುವಾಗ ಖಾಲಿ ಫೋಲ್ಡರ್‌ಗಳ ಮೇಲೆ ಸಿಎಚ್‌ಆಟ್ಟರ್ +ಐ ಹೊಡೆದುಬಿಡಿ. ಆಗ ಡಿಸ್ಕ್ ಇಲ್ಲದಿದ್ದರೆ ರೂಟ್ ಕೂಡ ಅಲ್ಲಿ ಬರೆಯೋಕಾಗಲ್ಲ. ಡಿಸ್ಕ್ ಮೌಂಟ್ ಆದ ಮೇಲೆ ಡಿಸ್ಕಿನ ಸ್ವಂತ ಅನುಮತಿಗಳೇ ನಡೆಯುತ್ತವೆ, ಅಡ್ಡಿಯಿಲ್ಲ.

ಎಸ್‌ಡಿಸಿ ಇದ್ದದ್ದು ಎಸ್‌ಡಿಡಿ ಆಗೋದಕ್ಕೆ ಬೂಟ್ ಕ್ರಮ ಕಾರಣ ಅಲ್ಲ. ಆ 12 ವೋಲ್ಟ್ ಅಡಾಪ್ಟರ್ ಎಲ್ಲಿ ಚುಚ್ಚಿದೆ ನೋಡಿ. ಕಂಪ್ಯೂಟರ್ ಯುಪಿಎಸ್‌ನಲ್ಲಿ, ಅಡಾಪ್ಟರ್ ಗೋಡೆಯ ಸಾಕೆಟ್‌ನಲ್ಲಿ ಇದ್ದರೆ ಕರೆಂಟ್ ಕಣ್ಣು ಮಿಟುಕಿಸಿದರೂ ಡಿಸ್ಕ್ ಮಾತ್ರ ಸಾಯುತ್ತೆ. ಅದು ಮೌಂಟ್ ಆಗಿದ್ದರಿಂದ ಕರ್ನಲ್ ಸತ್ತ ಎಸ್‌ಡಿಸಿ ಹೆಸರನ್ನು ಬಿಟ್ಟುಕೊಟ್ಟಿರಲ್ಲ. ಎಲೆ ಮುಂದೆ ಯಾರೂ ಇಲ್ಲ, ಆದರೆ ಎಲೆ ಎತ್ತಿಲ್ಲ. ವಾಪಸ್ ಬಂದ ಡಿಸ್ಕಿಗೆ ಮುಂದಿನ ಎಲೆ, ಎಸ್‌ಡಿಡಿ. ಹಳೇ ಮೌಂಟ್‌ನಲ್ಲಿ ಎಲ್‌ಎಸ್ ಹೊಡೆದರೆ ಇನ್‌ಪುಟ್/ಔಟ್‌ಪುಟ್ ಎರರ್ ಬರುತ್ತೆ. ಯುಮೌಂಟ್ -ಎಲ್, ಇಎಕ್ಸ್‌ಟಿ4 ಆದರೆ ಹೊಸ ಹೆಸರಿನ ಮೇಲೆ ಒಮ್ಮೆ ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಂ ತಪಾಸಣೆ), ಆಮೇಲೆ ಮೌಂಟ್. ಮತ್ತು ಅಡಾಪ್ಟರನ್ನು ಯುಪಿಎಸ್‌ನ ಬ್ಯಾಟರಿ ಸಾಕೆಟ್‌ಗೆ ಬದಲಿಸಿ. ಕೆಲವು ಯುಪಿಎಸ್‌ಗಳ ಹಿಂದೆ ಸರ್ಜ್ ಮಾತ್ರ ಇರುವ ಸಾಕೆಟ್ಟೂ ಇರುತ್ತೆ, ಅದಕ್ಕೆ ಹಾಕಿ ಮೋಸ ಹೋಗಬೇಡಿ.

ಹೊಯ್ಸಳ_ಬೈಟ್ (ಹಾಸನ)

ವಿಂಡೋಸ್ ಭಾಗ. ಅಲ್ಲಿಯೂ ಡಿಸ್ಕ್ 0, ಡಿಸ್ಕ್ 1 ಅನ್ನೋದು ಪತ್ತೆಯಾದ ಕ್ರಮವೇ, ಸಾಟಾ ಪೋರ್ಟಿನ ಸಂಖ್ಯೆ ಅಂತ ಖಾತ್ರಿ ಇಲ್ಲ. ಡಿಸ್ಕ್ 0 ಯಾವಾಗಲೂ ವಿಂಡೋಸ್ ಇರುವ ಡಿಸ್ಕೇ ಅಂತಲೂ ಇಲ್ಲ. ಡಿಸ್ಕ್‌ಪಾರ್ಟ್‌ನಲ್ಲಿ ಸೆಲೆಕ್ಟ್ ಡಿಸ್ಕ್ 1 ಅಂದ ಮೇಲೆ ಡೀಟೇಲ್ ಡಿಸ್ಕ್ ಹೊಡೆದು ಮಾಡೆಲ್ ನೋಡದೆ ಕ್ಲೀನ್ (ಪಾರ್ಟಿಷನ್‌ಗಳನ್ನೆಲ್ಲ ಅಳಿಸುವ ಆದೇಶ) ಹೊಡೆಯಬಾರದು, ಅದು ಖಚಿತವೇ ಎಂದು ಕೇಳಲ್ಲ. ಒಂದೇ ಮಾಡೆಲ್ ಎರಡಿದ್ದರೆ ಪವರ್‌ಶೆಲ್‌ನಲ್ಲಿ ಗೆಟ್-ಡಿಸ್ಕ್ ಹೊಡೆದು ಸೀರಿಯಲ್ ನಂಬರ್ ತಾಳೆ ನೋಡಿ.

ಡ್ರೈವ್ ಅಕ್ಷರ ಮಾತ್ರ ಬೇರೆ ಜಾತಿ. ಎ, ಬಿ ಫ್ಲಾಪಿಗೆಂದು ಬಿಟ್ಟದ್ದರಿಂದ ಸಿ ಇಂದ ಶುರು, ಅದು ಎಲ್ಲರಿಗೂ ಗೊತ್ತು. ಅಕ್ಷರ ಡಿಸ್ಕಿನಲ್ಲಿ ಬರೆದಿರಲ್ಲ, ಆ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ ಸಿಸ್ಟಂ ಕೆಳಗೆ ಮೌಂಟೆಡ್‌ಡಿವೈಸಸ್ ಎಂಬಲ್ಲಿರುತ್ತೆ. ಎಂಬಿಆರ್ (ಪಾರ್ಟಿಷನ್ ಟೇಬಲ್‌ನ ಹಳೇ ವಿಧ) ಡಿಸ್ಕಾದರೆ ಅಲ್ಲಿ 12 ಬೈಟ್: 4 ಬೈಟ್ ಡಿಸ್ಕ್ ಸಿಗ್ನೇಚರ್, 8 ಬೈಟ್ ಪಾರ್ಟಿಷನ್ ಶುರುವಾಗುವ ಜಾಗ. ಜಿಪಿಟಿ (ಹೊಸ ವಿಧ) ಆದರೆ ಪಾರ್ಟಿಷನ್‌ನ ಜಿಯುಐಡಿ, ಅಂದರೆ ಅದರ ಗುರುತು ಸಂಖ್ಯೆ. ಹಾಗಾಗಿ ಕೇಬಲ್ ಯಾವ ಪೋರ್ಟಿಗೆ ಹಾಕಿದರೂ ಇ ಡ್ರೈವ್ ಇ ಆಗೇ ಉಳಿಯುತ್ತೆ, ಬೇರೆ ಕಂಪ್ಯೂಟರ್‌ಗೆ ಒಯ್ದರೆ ಎಫ್ ಆಗಬಹುದು.

ನಿಮ್ಮ ಆಫ್‌ಲೈನ್ ಡಿಸ್ಕಿಗೆ ಉತ್ತರ ಇಲ್ಲೇ ಇದೆ. ಕ್ಲೋನ್ ಮಾಡಿದಾಗ ಸಿಗ್ನೇಚರೂ ನಕಲಾಯಿತು (ಎಂಬಿಆರ್‌ನಲ್ಲಿ ಮೊದಲ ಸೆಕ್ಟರಿನ 440ನೇ ಬೈಟಿನಿಂದ ನಾಲ್ಕು ಬೈಟ್). ಒಂದೇ ಗುರುತಿನವರು ಇಬ್ಬರು ಬಂದರೆ ವಿಂಡೋಸ್ ಒಬ್ಬನನ್ನು ಹೊರಗೆ ನಿಲ್ಲಿಸುತ್ತೆ. ಕೇಬಲ್ ನೂರು ಸಲ ಬದಲಿಸಿದರೂ ಅಷ್ಟೇ. ಡಿಸ್ಕ್‌ಪಾರ್ಟ್‌ನಲ್ಲಿ ಎರಡನ್ನೂ ಒಂದೊಂದಾಗಿ ಸೆಲೆಕ್ಟ್ ಮಾಡಿ ಯುನೀಕ್‌ಐಡಿ ಡಿಸ್ಕ್ ಹೊಡೆಯಿರಿ, ಒಂದೇ ಸಂಖ್ಯೆ ಬಂದರೆ ಅನುಮಾನ ಬೇಡ.

ಮುಂದೇನು ಅನ್ನೋದು ಆ ಕ್ಲೋನ್ ಯಾತಕ್ಕೆ ಅನ್ನೋದರ ಮೇಲೆ. ಬರೀ ಫೈಲ್ ತೆಗೆಯೋಕೆ ಆದರೆ ಆನ್‌ಲೈನ್ ಡಿಸ್ಕ್ ಹೊಡೆಯಿರಿ, ವಿಂಡೋಸ್ ತಾನೇ ಹೊಸ ಸಿಗ್ನೇಚರ್ ಬರೆಯುತ್ತೆ. ಆದರೆ ಅದರಿಂದ ಮುಂದೆ ಬೂಟ್ ಮಾಡಬೇಕು ಅಂತಿದ್ದರೆ ಆನ್‌ಲೈನ್ ಬಟನ್ ಮುಟ್ಟಲೇಬೇಡಿ: ಸಿಗ್ನೇಚರ್ ಬದಲಾದ ಕೂಡಲೇ ಅದರೊಳಗಿನ ಬೂಟ್ ದಾಖಲೆ ಹಳೇ ಗುರುತನ್ನೇ ಹುಡುಕುತ್ತಾ ಕೂರುತ್ತೆ, ಬೂಟ್ ಆಗಲ್ಲ. ಆಗ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬಿಸಿಡಿಬೂಟ್ ಹೊಡೆದು ದಾಖಲೆ ಹೊಸದಾಗಿ ಬರೆಸಬೇಕು. ಸರಿಯಾದ ಕ್ರಮ: ಕ್ಲೋನ್ ಮುಗಿದ ಮೇಲೆ ಶಟ್‌ಡೌನ್, ಹಳೇ ಡಿಸ್ಕ್ ಕಳಚಿ, ಹೊಸದರಿಂದಲೇ ಮೊದಲ ಬೂಟ್.

ಯಗಚಿ_ತೀರ

ಅಡಾಪ್ಟರ್ ಗೋಡೆಯ ಸಾಕೆಟ್‌ನಲ್ಲೇ ಇತ್ತು, ಬದಲಿಸಿದೆ. ಯುನೀಕ್‌ಐಡಿ ಎರಡರದ್ದೂ ಒಂದೇ. ಇನ್ನೊಂದು ಪ್ರಶ್ನೆ: /ಡೆವ್/ಡಿಸ್ಕ್ ಒಳಗೆ ಬೈ-ಐಡಿ, ಬೈ-ಯುಯುಐಡಿ, ಬೈ-ಪಾತ್, ಬೈ-ಪಾರ್ಟ್‌ಯುಯುಐಡಿ ಎಂದೆಲ್ಲ ಇವೆ. ಬ್ಯಾಕಪ್‌ಗೆ ಎರಡು ಡಿಸ್ಕ್ ವಾರಕ್ಕೊಂದು ಸರದಿಯಲ್ಲಿ ಇಡಬೇಕೆಂದಿದೆ. ಯಾವುದನ್ನು ಬಳಸಲಿ?

ಅರೇಬಿಕಾ (ಮೂಡಿಗೆರೆ)

ಬೈ-ಯುಯುಐಡಿ ಫೈಲ್ ಸಿಸ್ಟಂನ ಗುರುತು: ಫಾರ್ಮ್ಯಾಟ್ ಮಾಡಿದರೆ ಬದಲಾಗುತ್ತೆ, ಡಿಡಿ ಕಮಾಂಡಿನಲ್ಲಿ ಇಡೀ ಡಿಸ್ಕ್ ನಕಲು ಮಾಡಿದರೆ ಅದೂ ನಕಲಾಗುತ್ತೆ. ಬೈ-ಪಾರ್ಟ್‌ಯುಯುಐಡಿ ಪಾರ್ಟಿಷನ್‌ನದು: ಫಾರ್ಮ್ಯಾಟ್ ಮಾಡಿದರೂ ಉಳಿಯುತ್ತೆ, ನಕಲಿಗೆ ಮಾತ್ರ ಸೋಲುತ್ತೆ. ಬೈ-ಐಡಿ ಯಂತ್ರದ ಮಾಡೆಲ್ ಮತ್ತು ಸೀರಿಯಲ್: ಏನು ಅಳಿಸಿದರೂ, ಏನು ನಕಲು ಮಾಡಿದರೂ ಅದೇ. ಬೈ-ಪಾತ್ ಪೋರ್ಟಿನ ಗುರುತು, ಡಿಸ್ಕಿನದಲ್ಲ. ಆ ತೂತಿಗೆ ಯಾವ ಡಿಸ್ಕ್ ಬಂದರೂ ಅದೇ ಹೆಸರು.

ಸರದಿ ಡಿಸ್ಕಿಗೆ ಇದ್ಯಾವುದೂ ಬೇಡ. ಎರಡಕ್ಕೂ ಇ2ಲೇಬಲ್‌ನಿಂದ ಒಂದೇ ಲೇಬಲ್ ಕೊಟ್ಟು ಎಫ್‌ಎಸ್‌ಟ್ಯಾಬ್‌ನಲ್ಲಿ ಲೇಬಲ್= ಬರೆಯಿರಿ, ಯಾವುದು ಚುಚ್ಚಿದ್ದರೂ ಅದು ಮೌಂಟ್ ಆಗುತ್ತೆ. ಎರಡನ್ನೂ ಒಟ್ಟಿಗೆ ಚುಚ್ಚಬಾರದು, ಅದೊಂದೇ ಷರತ್ತು. ಎರಡನೆಯದನ್ನು ಮೊದಲನೆಯದರಿಂದ ಡಿಡಿ ಮಾಡಿ ತಯಾರಿಸಬೇಡಿ, ಹೊಸದಾಗಿ ಫಾರ್ಮ್ಯಾಟ್ ಮಾಡಿ. ಆಗಲೇ ಮಾಡಿದ್ದರೆ ಅನ್‌ಮೌಂಟ್ ಮಾಡಿ, ಇ2ಎಫ್‌ಎಸ್‌ಸಿಕೆ -ಎಫ್ ಮುಗಿಸಿ, ಟ್ಯೂನ್2ಎಫ್‌ಎಸ್ -ಯು ರ‍್ಯಾಂಡಮ್ ಹೊಡೆಯಿರಿ. ಇಲ್ಲಿ ಯು ದೊಡ್ಡಕ್ಷರ. ಎಕ್ಸ್‌ಎಫ್‌ಎಸ್ ಆಗಿದ್ದರೆ ಒಂದೇ ಯುಯುಐಡಿಯ ಎರಡನೆಯದನ್ನು ಮೌಂಟ್ ಮಾಡೋಕೇ ಒಪ್ಪಲ್ಲ, ಅದಕ್ಕೆ ಎಕ್ಸ್‌ಎಫ್‌ಎಸ್‌_ಅಡ್ಮಿನ್ -ಯು ಜನರೇಟ್ (ಇಲ್ಲೂ ಯು ದೊಡ್ಡಕ್ಷರ).

ಹಳೇ_ಫ್ಲಾಪಿ (ಹಾಸನ)

ಬೈ-ಐಡಿ ಬಗ್ಗೆ ಒಂದು ತಿದ್ದುಪಡಿ. ನೇರ ಸಾಟಾದಲ್ಲಿ ಅದು ಅಚಲ, ಒಪ್ಪುತ್ತೇನೆ. ಯುಎಸ್‌ಬಿ ಡಾಕ್‌ನಲ್ಲಿ ಹಾಗಲ್ಲ. ಅದರಲ್ಲಿ ಸಾಟಾವನ್ನು ಯುಎಸ್‌ಬಿಗೆ ಬದಲಿಸುವ ಅಗ್ಗದ ಬ್ರಿಡ್ಜ್ ಚಿಪ್‌ಗಳು ಡಿಸ್ಕಿನ ಸೀರಿಯಲ್ ಮುಚ್ಚಿಟ್ಟು ತಮ್ಮದೇ ಸಂಖ್ಯೆ ಹೇಳುತ್ತವೆ, ಒಂದೇ ತರಹದ ಎರಡು ಡಾಕ್ ಕೊಂಡರೆ ಎರಡೂ ಒಂದೇ ಸಂಖ್ಯೆ ಹೇಳಿದರೂ ಅಚ್ಚರಿಯಿಲ್ಲ. ಸ್ಮಾರ್ಟ್‌ಸಿಟಿಎಲ್ -ಐ -ಡಿ ಸ್ಯಾಟ್ ಹೊಡೆದರೆ ಬಹಳಷ್ಟು ಬ್ರಿಡ್ಜ್‌ಗಳ ಹಿಂದಿನ ನಿಜವಾದ ಸೀರಿಯಲ್ ಕಾಣುತ್ತೆ. ಇನ್ನು ಕೆಲವು ಹೊರ ಪೆಟ್ಟಿಗೆಗಳು 512 ಬೈಟ್ ಸೆಕ್ಟರನ್ನು 4096 ಎಂದು ಹೇಳುತ್ತವೆ. ಅದರಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಬಿಚ್ಚಿ ಒಳಗೆ ಹಾಕಿದರೆ ಪಾರ್ಟಿಷನ್ನೇ ಇಲ್ಲದಂತೆ ಕಾಣುತ್ತೆ. ಗಾಬರಿಯಾಗಿ ಇನಿಷಿಯಲೈಸ್ ಒತ್ತಬೇಡಿ, ವಾಪಸ್ ಅದೇ ಪೆಟ್ಟಿಗೆಗೆ ಹಾಕಿ ಓದಿಕೊಳ್ಳಿ.

ನಿಜವಾದ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರವನ್ನು ಡಿಸ್ಕಿನ ಕೇಬಲ್ ಕಡೆಯ ಅಂಚಿಗೆ ಸ್ಟಿಕ್ಕರ್ ಬರೆದು ಅಂಟಿಸಿ. ಕಂಪನಿಯ ಲೇಬಲ್ ಮೇಲ್ಗಡೆ ಇರುತ್ತೆ, ಕ್ಯಾಬಿನೆಟ್ ಒಳಗೆ ಸ್ಕ್ರೂ ಬಿಚ್ಚದೆ ಕಾಣಲ್ಲ. ನಿಮ್ಮ ಕಡೆಯ ಥಂಡಿಗೆ ಕಾಗದದ ಸ್ಟಿಕ್ಕರ್ ಒಂದು ಮಳೆಗಾಲ ನಿಲ್ಲಲ್ಲ, ಪ್ಲಾಸ್ಟಿಕ್‌ನದು ತನ್ನಿ.