ಗಯೆಗೆ ಹೋದವರು ಬೋಧಗಯೆಗೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ತಂದೆಯವರು ತೀರಿಕೊಂಡು ಒಂದು ವರ್ಷ ಕಳೆದಿದೆ. ಅವರ ಹೆಸರಿನಲ್ಲಿ ಪಿಂಡಪ್ರದಾನ ಮಾಡಲು ಫೆಬ್ರವರಿಯಲ್ಲಿ ತಾಯಿಯವರನ್ನು ಕರೆದುಕೊಂಡು ಗಯೆಗೆ ಹೋಗುತ್ತಿದ್ದೇನೆ. ವಿಷ್ಣುಪಾದದಲ್ಲಿ ಕಾರ್ಯ ಮುಗಿದ ದಿನವೇ ಮಧ್ಯಾಹ್ನ ಬೋಧಗಯೆಯ ಮಹಾಬೋಧಿ ದೇವಾಲಯವನ್ನು ನೋಡಿ, ಅಂದು ರಾತ್ರಿಯ ರೈಲಿನಲ್ಲಿ ಕಾಶಿಗೆ ಹೊರಡುವುದೆಂದು ಸದ್ಯಕ್ಕೆ ಯೋಚಿಸಿದ್ದೇವೆ. ಇಷ್ಟು ಸಮಯ ಸಾಕಾಗುತ್ತದೆಯೇ? ತಾಯಿಯವರಿಗೆ 72 ವರ್ಷ, ಮಂಡಿನೋವು ಇರುವುದರಿಂದ ಮೆಟ್ಟಿಲು ಹತ್ತಿಳಿಯುವುದು ಕಷ್ಟ. ನಾವು ಬೌದ್ಧರಲ್ಲ, ಆದ್ದರಿಂದ ಅಲ್ಲಿ ಹೇಗೆ ನಡೆದುಕೊಳ್ಳಬೇಕು, ಯಾವುದು ತಪ್ಪಾಗುತ್ತದೆ ಎಂಬುದೂ ತಿಳಿಯದು. ಶ್ರಾದ್ಧ ಮಾಡಿದವರು ಅಲ್ಲಿಗೆ ಹೋಗುವುದು ಸರಿಯೇ ಎಂದು ತಾಯಿಯವರು ಕೇಳುತ್ತಿದ್ದಾರೆ. ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ತಾವು ಹಾಕಿಕೊಂಡಿರುವ ಯೋಜನೆಯನ್ನೇ ನಾನೂ ಒಮ್ಮೆ ಹಾಕಿಕೊಂಡಿದ್ದೆ. ಅದಕ್ಕಾಗಿ ಇಂದಿಗೂ ಬೇಸರವಿದೆ. ಗಯಾ ನಿಲ್ದಾಣದಿಂದ ಬೋಧಗಯೆ ಸುಮಾರು 12 ಕಿ.ಮೀ. ಅಷ್ಟೇ, ಆಟೋಗಳೂ ಧಾರಾಳವಾಗಿ ಸಿಗುತ್ತವೆ. ಆದರೆ ವಾಹನಗಳನ್ನು ದೇವಾಲಯದ ಬಾಗಿಲವರೆಗೆ ಬಿಡುವುದಿಲ್ಲ. ಇಳಿದು ನಡೆದು, ಮೊಬೈಲ್ ಮತ್ತು ಚಪ್ಪಲಿಗಳನ್ನು ಒಪ್ಪಿಸಿ, ತಪಾಸಣೆ ಮುಗಿಸಿ ಒಳಗೆ ಹೋಗುವಷ್ಟರಲ್ಲಿ ಒಂದು ಗಂಟೆ ಹಿಡಿಯಬಹುದು. 2013ರ ಜುಲೈನಲ್ಲಿ ಆವರಣದಲ್ಲಿ ಬಾಂಬುಗಳು ಸಿಡಿದ ನಂತರ ಭದ್ರತೆ ಬಿಗಿಯಾಗಿದ್ದು, ಮೊಬೈಲನ್ನು ಒಳಗೆ ಒಯ್ಯುವಂತಿಲ್ಲ. ಅಂದು ನಮ್ಮನ್ನು ಕರೆದೊಯ್ದ ಮಾರ್ಗದರ್ಶಿಯೊಬ್ಬರು ರೈಲಿನ ಸಮಯವನ್ನೇ ನೆನಪಿಸುತ್ತಾ ಅರ್ಧ ಗಂಟೆಯಲ್ಲಿ ನಮ್ಮನ್ನು ಹೊರಗೆ ತಂದು, ಮಿಕ್ಕ ಸಮಯವನ್ನು ಅಂಗಡಿಗಳಲ್ಲಿ ಕಳೆಸಿದರು.

ಒಂದು ರಾತ್ರಿ ಅಲ್ಲಿಯೇ ಉಳಿಯಿರಿ ಎಂಬುದೇ ನನ್ನ ಒತ್ತಾಯ. ದೇವಾಲಯ ಬೆಳಗಿನ 5 ಗಂಟೆಗೆ ತೆರೆಯುತ್ತದೆ. ಎರಡನೆಯ ಸಲ ಹೋದಾಗ ಆ ಹೊತ್ತಿಗೆ ಒಳಗೆ ಹೋಗಿ ಬೋಧಿವೃಕ್ಷದ ಬಳಿ ಕುಳಿತೆ. ಒಂದು ಕಡೆ ಬಿಳಿಯುಟ್ಟ ಶ್ರೀಲಂಕಾದ ಯಾತ್ರಿಕರು ಪಾಲಿಯಲ್ಲಿ ಪಠಿಸುತ್ತಿದ್ದರು. ಇನ್ನೊಂದು ಕಡೆ ಟಿಬೆಟಿನ ವೃದ್ಧೆಯೊಬ್ಬರು ಮರದ ಹಲಗೆಯ ಮೇಲೆ ದೀರ್ಘದಂಡ ನಮಸ್ಕಾರ ಹಾಕಿ, ಎದ್ದು, ಕೈಜೋಡಿಸಿ, ಮತ್ತೆ ಮಲಗುತ್ತಿದ್ದರು. ಹಲಗೆಗೆ ಅವರ ಅಂಗೈಗಳು ಉಜ್ಜುವ ಸದ್ದು ಪಠಣದ ನಡುವೆಯೂ ಕೇಳುತ್ತಿತ್ತು. ಮಧ್ಯಾಹ್ನದ ಜನಸಂದಣಿಯಲ್ಲಿ ಇದು ದೊರೆಯುವುದಿಲ್ಲ.

ಮೆಟ್ಟಿಲುಗಳ ವಿಷಯ: ದೇವಾಲಯವಿರುವ ಅಂಗಳ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದ್ದು, ಪೂರ್ವದಿಂದ ಮೆಟ್ಟಿಲಿಳಿದು ಹೋಗಬೇಕು. ತಾಯಿಯವರಿಗೆ ಇಳಿಯಲು ಆಗದಿದ್ದರೆ ಮೇಲಿನ ಹಂತದ ಪ್ರದಕ್ಷಿಣಾ ಪಥದಿಂದಲೂ ಶಿಖರ ಮತ್ತು ಮರ ಎರಡೂ ಚೆನ್ನಾಗಿ ಕಾಣುತ್ತವೆ. ಮುಂಜಾನೆ ಕಲ್ಲುಹಾಸು ತಣ್ಣಗೆ ಕೊರೆಯುತ್ತದೆ, ಕಾಲುಚೀಲ ಮರೆಯಬೇಡಿ. ಫೆಬ್ರವರಿಯನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಆ ಕಡೆಯ ರೈಲುಗಳು ಮಂಜಿನಿಂದಾಗಿ ಗಂಟೆಗಟ್ಟಲೆ ತಡವಾಗುತ್ತವೆ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ. ಹೋಗುವ ಮುನ್ನ ಸ್ವಲ್ಪ ಹಿನ್ನೆಲೆ ತಿಳಿದಿದ್ದರೆ ಅಲ್ಲಿ ಕಳೆಯುವ ಹೊತ್ತಿಗೆ ಬೇರೆಯೇ ತೂಕ ಬರುತ್ತದೆ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಪಟ್ಟಾಭಿಷೇಕವಾಗಿ ಹತ್ತು ವರ್ಷಗಳಾದಾಗ ತಾನು ಸಂಬೋಧಿಗೆ, ಎಂದರೆ ಇದೇ ಬೋಧಗಯೆಗೆ, ಹೋದುದಾಗಿ ಅಶೋಕ ತನ್ನ ಎಂಟನೆಯ ಬಂಡೆಶಾಸನದಲ್ಲಿ ಹೇಳಿಕೊಂಡಿದ್ದಾನೆ. ಬೇಟೆಯ ವಿಹಾರಗಳ ಬದಲು ಧರ್ಮಯಾತ್ರೆಗಳನ್ನು ಆರಂಭಿಸಿದ ಸಂದರ್ಭದ ಮಾತು ಅದು. ಅಂದರೆ ಈ ಸ್ಥಳಕ್ಕೆ ಪ್ರಯಾಣ ಬಂದವರ ಸಾಲು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನದು. ಈಗ ಕಾಣುವ ಸುಮಾರು 50 ಮೀಟರ್ ಎತ್ತರದ ಇಟ್ಟಿಗೆಯ ದೇವಾಲಯ ಗುಪ್ತರ ಕಾಲದ ಕೊನೆಯ ಭಾಗಕ್ಕೆ, ಐದು–ಆರನೆಯ ಶತಮಾನಕ್ಕೆ ಸೇರಿದ್ದು. 1880ರ ದಶಕದಲ್ಲಿ ಪುರಾತತ್ತ್ವಜ್ಞರಾದ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ ಮತ್ತು ಜೆ. ಡಿ. ಬೆಗ್ಲರ್ ಅವರ ಕಾಲದಲ್ಲಿ ವ್ಯಾಪಕವಾಗಿ ಜೀರ್ಣೋದ್ಧಾರಗೊಂಡಿದೆ. 2002ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮರದ ಬಗ್ಗೆ ಒಂದು ಮಾತು. ಬುದ್ಧ ಕುಳಿತ ಮರವೇ ಇದು ಎಂದುಕೊಂಡು ಹೋಗುವವರು ಹಲವರು. ಹಳೆಯ ಮರ 1876ರ ಬಿರುಗಾಳಿಗೆ ಉರುಳಿತ್ತು. ಈಗಿನ ಅರಳಿಯನ್ನು 1881ರ ಸುಮಾರಿಗೆ ಕನಿಂಗ್‌ಹ್ಯಾಮ್ ನೆಡಿಸಿದರು. ಇದನ್ನು ಕೇಳಿ ನಿರಾಶರಾಗಬೇಕಿಲ್ಲ. ಮರ ಬಿದ್ದಾಗಲೆಲ್ಲ ಅದೇ ನೆಲದಲ್ಲಿ ಯಾರೋ ಮತ್ತೊಂದು ಸಸಿ ನೆಟ್ಟಿದ್ದಾರೆ ಎಂಬುದೇ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಏಳನೆಯ ಶತಮಾನದಲ್ಲಿ ಚೀನಾದಿಂದ ಅಷ್ಟು ದೂರ ನಡೆದು ಬಂದ ಹ್ಯೂಯೆನ್‌ತ್ಸಾಂಗ್ ಇಲ್ಲಿ ನೆಲಕ್ಕೆ ಬಿದ್ದು, ಬುದ್ಧ ಜ್ಞಾನ ಪಡೆದ ಕಾಲದಲ್ಲಿ ತಾನು ಯಾವ ಜನ್ಮದಲ್ಲಿ ಎಲ್ಲಿ ಅಲೆಯುತ್ತಿದ್ದೆನೋ ಎಂದು ಅತ್ತನೆಂದು ಅವನ ಚರಿತ್ರೆ ಬರೆದ ಶಿಷ್ಯ ಹೇಳುತ್ತಾನೆ. ಅವನ ಕಣ್ಣ ಮುಂದಿದ್ದದ್ದೂ ಮೂಲ ಮರವಲ್ಲ.

ಮರ ಇರುವುದು ದೇವಾಲಯದ ಹಿಂದೆ, ಪಶ್ಚಿಮದಲ್ಲಿ. ಮರಕ್ಕೂ ಗೋಡೆಗೂ ನಡುವೆ ವಜ್ರಾಸನವೆಂಬ ನಯಗೊಳಿಸಿದ ಕಲ್ಲಿನ ಪೀಠವಿದೆ. ಸುತ್ತ ಕಟಾಂಜನವಿರುವುದರಿಂದ ಮುಟ್ಟಲಾಗದು, ಕಿಂಡಿಗಳ ಮೂಲಕ ನೋಡಬೇಕು. ಗರ್ಭಗುಡಿಯಲ್ಲಿ ಬಲಗೈಯಿಂದ ನೆಲವನ್ನು ಮುಟ್ಟುವ ಭೂಮಿಸ್ಪರ್ಶ ಮುದ್ರೆಯ, ಚಿನ್ನದ ಲೇಪವಿರುವ ಬುದ್ಧನಿದ್ದಾನೆ. ಜ್ಞಾನೋದಯದ ನಂತರದ ಏಳು ವಾರಗಳನ್ನು ಬುದ್ಧ ಎಲ್ಲೆಲ್ಲಿ ಕಳೆದನೆಂದು ಸಂಪ್ರದಾಯ ಹೇಳುತ್ತದೋ ಆ ತಾಣಗಳನ್ನೂ ಆವರಣದಲ್ಲಿ ಗುರುತಿಸಿದ್ದಾರೆ. ಎಲ್ಲವನ್ನೂ ಹುಡುಕಿಕೊಂಡು ತಾಯಿಯವರನ್ನು ದಣಿಸುವ ಅಗತ್ಯವಿಲ್ಲ. ಉತ್ತರದ ಗೋಡೆಗುಂಟ ಇರುವ ಚಂಕ್ರಮಣವೊಂದನ್ನು ಮಾತ್ರ ಬಿಡಬೇಡಿ. ಬುದ್ಧ ಹಿಂದಕ್ಕೂ ಮುಂದಕ್ಕೂ ನಡೆದ ಜಾಗವೆಂದು ಅಲ್ಲಿ ಕಲ್ಲಿನ ಕಮಲಗಳನ್ನು ಇರಿಸಿದ್ದು, ಭಕ್ತರು ಅವುಗಳ ಮೇಲೆ ಹೂವಿಡುತ್ತಾರೆ.

ಉತ್ತರ 3

ತಾಯಿಯವರ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಯಾವ ಸಂಕೋಚವೂ ಬೇಡ ಎಂದು ಅವರಿಗೆ ಹೇಳಿ. ಗಯಾಶ್ರಾದ್ಧವನ್ನು ಹಲವು ದಿನಗಳ ಕ್ರಮದಲ್ಲಿ ವಿಸ್ತಾರವಾಗಿ ಮಾಡುವವರು ಬೋಧಗಯೆಯ ಬಳಿಯ ಧರ್ಮಾರಣ್ಯ, ಮತಂಗವಾಪಿಗಳಲ್ಲಿಯೂ ಪಿಂಡವಿಡುತ್ತಾರೆ. ಪಿತೃಪಕ್ಷದಲ್ಲಿ ಶ್ರಾದ್ಧಕ್ಕೆಂದು ಬಂದವರು ಬೋಧಿವೃಕ್ಷಕ್ಕೂ ಬಂದು ಕೈಮುಗಿಯುವುದು ಹಳೆಯ ರೂಢಿ. ಅರಳಿಮರಕ್ಕೆ ಪ್ರದಕ್ಷಿಣೆ ಹಾಕುವುದನ್ನು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಬಲಕ್ಕೆ ಇಟ್ಟುಕೊಂಡು ಸುತ್ತುವ ಕ್ರಮವೇ ಅಲ್ಲಿಯೂ ಇದೆ.

ನಡವಳಿಕೆಯ ವಿಷಯದಲ್ಲಿ ಗಮನಿಸಬೇಕಾದದ್ದು ಕಡಿಮೆ. ಧ್ಯಾನಕ್ಕೆ ಕುಳಿತವರ ಮುಂದೆ ಹಾಯಬೇಡಿ, ಹಾಸಿಟ್ಟ ಹಲಗೆ ಚಾಪೆಗಳನ್ನು ದಾಟಬೇಡಿ, ಸದ್ದಿಲ್ಲದೆ ಎಲ್ಲಿ ಕುಳಿತರೂ ಯಾರೂ ಎಬ್ಬಿಸುವುದಿಲ್ಲ. ಬುದ್ಧನಲ್ಲಿ ವಿಷ್ಣುವನ್ನು ಕಂಡು ನಿಮ್ಮ ತಾಯಿಯವರು ಮನಸ್ಸಿನಲ್ಲಿಯೇ ನಾಮ ಹೇಳಿಕೊಂಡರೂ ಅಡ್ಡಿಯಿಲ್ಲ.

ಒಂದು ರಾತ್ರಿ ಉಳಿಯುವುದೇ ಆದರೆ ಮರುದಿನ ಹೊತ್ತೇರುವ ಮುನ್ನ ನದಿಯಾಚೆಯ ಬಕರೌರ್ ಹಳ್ಳಿಗೂ ಹೋಗಿಬನ್ನಿ. ಉಪವಾಸದಿಂದ ಕೃಶನಾಗಿದ್ದ ಸಿದ್ಧಾರ್ಥನಿಗೆ ಪಾಯಸ ನೀಡಿದ ಸುಜಾತೆಯ ನೆನಪಿನ ಇಟ್ಟಿಗೆ ಸ್ತೂಪ ಅಲ್ಲಿದೆ. ನಡುವೆ ಹರಿಯುವುದು ನಿರಂಜನಾ. ಇದೇ ಮುಂದೆ ಮೋಹನಾ ನದಿಯನ್ನು ಕೂಡಿ, ನೀವು ಗಯೆಯಲ್ಲಿ ತರ್ಪಣ ಬಿಡುವ ಫಲ್ಗು ಆಗುತ್ತದೆ. ಬೇಸಿಗೆ ಸಮೀಪಿಸಿದಂತೆ ಪಾತ್ರದ ತುಂಬ ಮರಳೇ ಕಾಣುವುದರಿಂದ, ಫಲ್ಗು ಸೀತೆಯ ಶಾಪದಿಂದ ಗುಪ್ತಗಾಮಿನಿಯಾಯಿತೆಂಬ ಕಥೆ ಹುಟ್ಟಿದ್ದು ಏಕೆಂದು ಅಲ್ಲಿ ನಿಂತಾಗ ಅರ್ಥವಾಗುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ರೈಲಿನ ಟಿಕೆಟನ್ನು ಒಂದು ದಿನ ಮುಂದಕ್ಕೆ ಹಾಕಿಸಿದ್ದೇನೆ. ನಿರಂಜನೆಯೇ ಫಲ್ಗು ಆಗುತ್ತದೆ ಎಂಬುದನ್ನು ಓದಿ ಹೇಳಿದಾಗ, ಸುಜಾತೆಯ ಹಳ್ಳಿಗೂ ಹೋಗೋಣ ಎಂದು ತಾಯಿಯವರೇ ಅಂದರು. ಕೊನೆಯದಾಗಿ ಒಂದು ಪ್ರಶ್ನೆ: ತಂದೆಯವರ ಭಾವಚಿತ್ರದ ಬಳಿ ಇಡಲು ಮರದ ಒಂದು ಎಲೆಯನ್ನು ತರಬೇಕೆಂಬುದು ಅವರ ಆಸೆ. ತರಬಹುದೇ?

ಉತ್ತರ 2

ಕೀಳುವಂತಿಲ್ಲ, ತಾನಾಗಿ ಉದುರಿದ ಎಲೆಯನ್ನು ಎತ್ತಿಕೊಳ್ಳಬಹುದು. ಅದಕ್ಕಾಗಿಯೇ ಗಂಟೆಗಟ್ಟಲೆ ಕಾಯುವವರು ಇರುತ್ತಾರೆ, ಗಾಳಿ ಬೀಸಿದಾಗ ಎಲ್ಲರ ಕಣ್ಣೂ ಮೇಲೆ ಹೋಗುತ್ತದೆ. ಹೊರಗೆ ಮಾರುವ ಎಲೆಗಳು ಯಾವ ಮರದವೆಂದು ಹೇಳಲು ಬಾರದು, ಅವನ್ನು ಕೊಳ್ಳಬೇಡಿ. ಶಿಶಿರ ಕಳೆಯುವ ಹೊತ್ತಿಗೆ ಅರಳಿಯ ಎಲೆ ಉದುರುವುದು ಹೆಚ್ಚುವುದರಿಂದ ನೀವು ಹೋಗುವ ತಿಂಗಳಿನಲ್ಲಿ ಸಿಗುವ ಸಂಭವವೂ ಹೆಚ್ಚು. ಒಂದು ದಪ್ಪ ರಟ್ಟಿನ ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಳ್ಳಿ; ಒಣಗಿದ ಎಲೆ ರೈಲಿನ ಪ್ರಯಾಣದಲ್ಲಿ ಬಹಳ ಬೇಗ ಮುರಿಯುತ್ತದೆ.