ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ನಾವೇ ಕಾರು ಓಡಿಸಿಕೊಂಡು ಪ್ರವಾಸ: ಈ ಯೋಜನೆ ಸರಿಯೇ?

ಪ್ರಶ್ನೆ (ಮೈಸೂರಿನಿಂದ):

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರಿನಲ್ಲಿ ನಾನು, ನನ್ನ ಹೆಂಡತಿ, ಆರು ವರ್ಷದ ಮಗಳು ಮತ್ತು ನನ್ನ ಅಪ್ಪ ಅಮ್ಮ ಹತ್ತು ದಿನಗಳ ಮಟ್ಟಿಗೆ ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಹೋಗಬೇಕೆಂದಿದ್ದೇವೆ. ಸಿಂಗಪುರದ ಮೂಲಕ ಬೆಳಿಗ್ಗೆ ಕ್ರೈಸ್ಟ್‌ಚರ್ಚಿಗೆ ಇಳಿದು, ವಿಮಾನ ನಿಲ್ದಾಣದಲ್ಲೇ ಬಾಡಿಗೆ ಕಾರು ಪಡೆದು, ಅಂದೇ ಸುಮಾರು 480 ಕಿಲೋಮೀಟರ್ ದೂರದ ಕ್ವೀನ್ಸ್‌ಟೌನಿಗೆ ತಲುಪುವುದು. ಮೂರನೆಯ ದಿನ ಅಲ್ಲಿಂದ ಮಿಲ್ಫರ್ಡ್ ಸೌಂಡ್ ಎಂಬ ಕಡಲ ಕೊಲ್ಲಿಯನ್ನು ನೋಡಿಕೊಂಡು ಸಂಜೆಗೆ ಹಿಂದಿರುಗುವುದು. ಆಮೇಲೆ ಹಾಸ್ಟ್ ಪಾಸ್ ಎಂಬ ಘಾಟಿ ದಾಟಿ ಪಶ್ಚಿಮ ಕರಾವಳಿಯ ಫ್ರಾನ್ಜ್ ಜೋಸೆಫ್, ಹೊಕಿಟಿಕ ನೋಡಿ, ಆರ್ಥರ್ಸ್ ಪಾಸ್ ದಾರಿಯಾಗಿ ಕ್ರೈಸ್ಟ್‌ಚರ್ಚಿಗೆ ಮರಳುವುದು ಎಂದು ಯೋಜಿಸಿದ್ದೇನೆ. ನಾನು ಹದಿನೈದು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ, ಸಂಪಾಜೆ ಘಾಟಿಯಲ್ಲಿ ಮಳೆಗಾಲದಲ್ಲೂ ಹೋಗಿ ಬಂದ ಅಭ್ಯಾಸವಿದೆ. ಅಲ್ಲಿಯೂ ನಮ್ಮಂತೆಯೇ ಎಡಬದಿಯ ಸಂಚಾರವಾದ್ದರಿಂದ ಹೆಚ್ಚಿನ ತೊಂದರೆ ಇರಲಾರದು ಎಂದುಕೊಂಡಿದ್ದೇನೆ. ನಮ್ಮ ಡಿಎಲ್ ಸಾಕೇ, ಈ ಯೋಜನೆಯಲ್ಲಿ ಏನಾದರೂ ಬದಲಿಸಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಕ್ರೈಸ್ಟ್‌ಚರ್ಚಿನಿಂದ, ಮೂಲ ತೀರ್ಥಹಳ್ಳಿ):

ಮೊದಲ ದಿನದ ಕ್ವೀನ್ಸ್‌ಟೌನ್ ಪ್ರಯಾಣವನ್ನು ದಯವಿಟ್ಟು ಕೈಬಿಡಿ. ಡಿಸೆಂಬರಿನಲ್ಲಿ ಇಲ್ಲಿಯ ಗಡಿಯಾರ ಭಾರತಕ್ಕಿಂತ ಏಳೂವರೆ ಗಂಟೆ ಮುಂದಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ನೀವು ಇಳಿದಾಗ ನಿಮ್ಮ ದೇಹಕ್ಕೆ ಇನ್ನೂ ರಾತ್ರಿ ಎರಡೂವರೆ. ಹಿಂದಿನ ಇಡೀ ರಾತ್ರಿ ವಿಮಾನದಲ್ಲಿ ಕುಳಿತು ಬಂದವರು ಆ ಸ್ಥಿತಿಯಲ್ಲಿ ಆರು ಗಂಟೆ ಸ್ಟೇರಿಂಗ್ ಹಿಡಿದರೆ, ಕ್ಯಾಂಟರ್ಬರಿ ಬಯಲಿನ ನೇರ ರಸ್ತೆಯಲ್ಲಿಯೇ ಕಣ್ಣು ಮುಚ್ಚಿಹೋಗುತ್ತದೆ. ಅಂದು ಊರಿನಲ್ಲಿಯೇ ಉಳಿದು ನಿದ್ರೆ ಮಾಡಿ, ಮರುದಿನ ಸುಮಾರು 225 ಕಿಲೋಮೀಟರ್ ದೂರದ ಟೆಕಾಪೊ ಸರೋವರದವರೆಗೆ ಮಾತ್ರ ಹೋಗಿ. ಅದರ ಮರುದಿನ ಲಿಂಡಿಸ್ ಪಾಸ್ ದಾಟಿ ಕ್ವೀನ್ಸ್‌ಟೌನ್ ಸೇರಿದರೆ, ದಾರಿಯಲ್ಲಿ ಪುಕಾಕಿ ಸರೋವರದ ದಡದಲ್ಲಿ ನಿಂತು ಮೌಂಟ್ ಕುಕ್ ನೋಡುವುದಕ್ಕೂ ಸಮಯ ಸಿಗುತ್ತದೆ.

ಮಿಲ್ಫರ್ಡ್ ವಿಷಯವೂ ಹಾಗೆಯೇ. ಕ್ವೀನ್ಸ್‌ಟೌನಿನಿಂದ ಒಂದು ಬದಿಗೆ ಸುಮಾರು 290 ಕಿಲೋಮೀಟರ್, ಎಲ್ಲಿಯೂ ನಿಲ್ಲದೆ ಹೋದರೂ ನಾಲ್ಕು ಗಂಟೆ. ಹೋಗಿ ಬರುವುದನ್ನು ಒಂದೇ ದಿನದಲ್ಲಿ ಒಬ್ಬರೇ ಚಾಲಕರು ಮಾಡುವುದು ನನಗೆ ಸರಿಕಾಣುವುದಿಲ್ಲ. ತೆ ಅನೌ ಊರಿನಲ್ಲಿ ಎರಡು ರಾತ್ರಿ ತಂಗಿದರೆ ಉಳಿಯುವುದು ಸುಮಾರು 120 ಕಿಲೋಮೀಟರ್ ಮಾತ್ರ. ಇಲ್ಲದಿದ್ದರೆ ಆ ಒಂದು ದಿನ ಬಸ್ಸಿನಲ್ಲಿ ಹೋಗಿ. ನಿಮ್ಮ ತಂದೆ ತಾಯಿಗೂ ಅದು ಹಿತ.

ಎಡಬದಿಯ ಸಂಚಾರವೆಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗಬೇಡಿ ಎಂದು ವಿಶೇಷವಾಗಿ ಹೇಳಬೇಕಾಗಿದೆ. ಅಮೆರಿಕದಿಂದ ಬಂದವರು ತಮಗೆ ಎಲ್ಲವೂ ಹೊಸತೆಂದು ತಿಳಿದು ಎಚ್ಚರದಿಂದಿರುತ್ತಾರೆ, ನಾವಾದರೋ ರಸ್ತೆ ಪರಿಚಿತವಾಗಿ ಕಾಣುವುದರಿಂದ ಊರಿನ ಅಭ್ಯಾಸಗಳನ್ನೂ ಜೊತೆಗೆ ತಂದುಬಿಡುತ್ತೇವೆ. ಪಶ್ಚಿಮ ಕರಾವಳಿಯ ಹೆದ್ದಾರಿ 6ರಲ್ಲಿ ಒಂದೇ ವಾಹನ ಹಿಡಿಯುವ ಸೇತುವೆಗಳು ಬಹಳ ಇವೆ. ಹಾಸ್ಟ್ ನದಿಯ ಸೇತುವೆಯಂತೂ 700 ಮೀಟರಿಗೂ ಉದ್ದವಿದ್ದು, ಎದುರುಬದುರಾದವರು ಸರಿದು ನಿಲ್ಲಲು ನಡುವೆ ಜಾಗ ಮಾಡಿದ್ದಾರೆ. ಸೇತುವೆಗೆ ಮೊದಲು ಕೆಂಪು ಅಂಚಿನ ದುಂಡನೆಯ ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪು ಬಣ್ಣದಲ್ಲಿದ್ದರೆ ಎದುರಿನವರಿಗೆ ದಾರಿ ಬಿಡಬೇಕು. ನೀಲಿ ಫಲಕದಲ್ಲಿ ನಿಮ್ಮ ಬಾಣ ದೊಡ್ಡದಾಗಿ ಬಿಳಿಯಾಗಿದ್ದರೆ ಆದ್ಯತೆ ನಿಮ್ಮದು, ಆದರೂ ಸೇತುವೆ ಖಾಲಿಯಿದೆಯೇ ಎಂದು ನೋಡಿಯೇ ಮುಂದುವರಿಯಬೇಕು. ನಾನು ಇಲ್ಲಿಗೆ ಬಂದ ಹೊಸತರಲ್ಲಿ, ಎದುರಿನ ಲಾರಿ ಇನ್ನೂ ದೂರದಲ್ಲಿದೆ, ಅಷ್ಟರಲ್ಲಿ ದಾಟಿಬಿಡಬಹುದು ಎಂದು ನಮ್ಮೂರಿನ ಲೆಕ್ಕದಲ್ಲಿ ಕೆಂಪು ಬಾಣದ ಕಡೆಯಿಂದ ನುಗ್ಗಿದೆ. ಬಂದದ್ದು ಹಿಂದೆ ಟ್ರೇಲರ್ ಕಟ್ಟಿಕೊಂಡ ಹಾಲಿನ ಟ್ಯಾಂಕರ್. ಅದು ನಿಲ್ಲುವಷ್ಟರಲ್ಲಿ ಸೇತುವೆಯ ತುದಿಗೆ ಬಂದಾಗಿತ್ತು. ನಾನು ಕಟಕಟೆಗೆ ಕನ್ನಡಿ ತಾಗದಂತೆ ಇಡೀ ಸೇತುವೆಯನ್ನು ರಿವರ್ಸ್ ಗೇರಿನಲ್ಲಿ ದಾಟಬೇಕಾಯಿತು. ಆ ಚಾಲಕ ಒಮ್ಮೆಯೂ ಹಾರ್ನ್ ಹಾಕದೆ ಕಾದು ನಿಂತದ್ದು ಇಂದಿಗೂ ನೆನಪಿದೆ.

ಡಿಎಲ್ ಇಂಗ್ಲಿಷಿನಲ್ಲಿದ್ದರೆ ಪ್ರವಾಸಿಗರಿಗೆ ಅದೇ ಸಾಕು, ಆದರೆ ಮೂಲ ಕಾರ್ಡೇ ಕೈಯಲ್ಲಿರಬೇಕು. ಮೊಬೈಲಿನಲ್ಲಿರುವ ಪ್ರತಿ ಸಾಲದು. ಒಂದು ವರ್ಷದ ಅವಧಿಯ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಆರ್‌ಟಿಒ ಮೂಲಕ ಮಾಡಿಸಿಕೊಂಡು ಬಂದರೆ ಕಾರು ಬಾಡಿಗೆಗೆ ಕೊಡುವವರ ಪ್ರಶ್ನೆಗಳು ಕಡಿಮೆಯಾಗುತ್ತವೆ.

ಉತ್ತರ 2 (ಬೆಂಗಳೂರಿನಿಂದ):

ನಾನು ನನ್ನ ಅಕ್ಕನ ಜೊತೆ ಇದೇ ದಾರಿಯಲ್ಲಿ ಕಾರು ಓಡಿಸಿದ್ದೇನೆ. ಮೇಲಿನವರು ಹೇಳಿದ ಊರಿನ ಅಭ್ಯಾಸಗಳ ಮಾತಿಗೆ ಕೆಲವನ್ನು ಸೇರಿಸುತ್ತೇನೆ. ನಾವು ಇಲ್ಲಿ ಹೆಡ್‌ಲೈಟ್ ಡಿಪ್ ಕೊಟ್ಟರೆ 'ನಾನು ಬರುತ್ತಿದ್ದೇನೆ, ನೀನು ನಿಲ್ಲು' ಎಂದರ್ಥ. ಅಲ್ಲಿ ಎದುರಿನವರು ಹಾಗೆ ಮಾಡಿದರೆ ಮುಂದೆ ಏನೋ ಅಪಾಯವಿದೆ ಎಂದೋ, ನೀವೇ ಮೊದಲು ಹೋಗಿ ಎಂದೋ ಸಾಮಾನ್ಯವಾಗಿ ಅರ್ಥ ಮಾಡಿಕೊಳ್ಳಬೇಕು. 'ಸ್ಟಾಪ್' ಫಲಕವಿದ್ದಲ್ಲಿ ರಸ್ತೆ ಖಾಲಿಯಿದ್ದರೂ ಚಕ್ರಗಳು ಪೂರ್ತಿ ನಿಲ್ಲಬೇಕು. ನಡುರಸ್ತೆಯಲ್ಲಿ ನಿಮ್ಮ ಬದಿಗೆ ಅಖಂಡ ಹಳದಿ ಗೆರೆ ಇದ್ದರೆ ಅದನ್ನು ದಾಟಿ ಓವರ್‌ಟೇಕ್ ಮಾಡುವಂತಿಲ್ಲ. ಊರ ಹೊರಗೆ ಸಾಮಾನ್ಯ ಮಿತಿ ಗಂಟೆಗೆ 100 ಕಿಲೋಮೀಟರ್ ಎಂದಿದ್ದರೂ ಅದು ಗರಿಷ್ಠ ಮಿತಿಯೇ ಹೊರತು ಅಷ್ಟು ವೇಗದಲ್ಲಿ ಹೋಗಲೇಬೇಕೆಂದಲ್ಲ. ತಿರುವುಗಳ ಮೊದಲು ಹಳದಿ ಫಲಕದಲ್ಲಿ 35, 45 ಎಂದು ಬರೆದಿರುತ್ತಾರೆ, ಅದನ್ನು ನಂಬಿ ನಿಧಾನಿಸಿ. ನಿಮ್ಮ ಹಿಂದೆ ವಾಹನಗಳ ಸಾಲು ಬೆಳೆದರೆ ಸುರಕ್ಷಿತ ಜಾಗ ನೋಡಿ ಎಡಕ್ಕೆ ನಿಂತು ಅವರನ್ನು ಮುಂದೆ ಬಿಡಿ. ಸ್ಥಳೀಯರು ಕೈ ಎತ್ತಿ ವಂದಿಸಿ ಹೋಗುತ್ತಾರೆ.

ಏಳು ವರ್ಷ ತುಂಬುವವರೆಗೆ ಮಕ್ಕಳಿಗೆ ಅವರ ಅಳತೆಗೆ ತಕ್ಕ ಮಕ್ಕಳ ಸೀಟು ಕಡ್ಡಾಯ. ಆದ್ದರಿಂದ ಮಗಳ ಎತ್ತರ, ತೂಕ ತಿಳಿಸಿ ಕಾರಿನೊಂದಿಗೇ ಕಾದಿರಿಸಿ. ಹಿಂದೆ ಕೂರುವ ನಿಮ್ಮ ತಾಯಿಯವರೂ ಬೆಲ್ಟ್ ಹಾಕಲೇಬೇಕು. ಇನ್ನೊಂದು ವಿಷಯವೆಂದರೆ, ವಿಮೆಯ ಒಪ್ಪಂದವನ್ನು ಸಹಿ ಹಾಕುವ ಮೊದಲೇ ಓದಿ. ನಮ್ಮ ಕಾರಿನ ಮುಂಗಾಜಿಗೆ ಜಲ್ಲಿಕಲ್ಲು ಸಿಡಿದು ಹೆಸರುಕಾಳಿನಷ್ಟು ಗುರುತಾಯಿತು; ಗಾಜು ಮತ್ತು ಟೈರು ವಿಮೆಯ ಹೊರಗಿವೆ ಎಂದು ಬಾಡಿಗೆಯ ಕಂಪನಿಯವರು ಕಾರು ಹಿಂದಿರುಗಿಸುವಾಗ ಹೇಳಿ ಹಣ ಕಡಿದುಕೊಂಡರು. ಅದು ಒಪ್ಪಂದದಲ್ಲಿ ಬರೆದೇ ಇತ್ತು, ನಾವು ಓದಿರಲಿಲ್ಲ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲ ರಾತ್ರಿ ಕ್ರೈಸ್ಟ್‌ಚರ್ಚ್, ಎರಡನೆಯದು ಟೆಕಾಪೊ, ಆಮೇಲೆ ಕ್ವೀನ್ಸ್‌ಟೌನಿನಲ್ಲಿ ಒಂದು ಮತ್ತು ತೆ ಅನೌ ಊರಿನಲ್ಲಿ ಎರಡು ರಾತ್ರಿ ಎಂದು ಬದಲಿಸಿದ್ದೇನೆ. ನನ್ನ ಹೆಂಡತಿಯ ಹೆಸರನ್ನೂ ಎರಡನೆಯ ಚಾಲಕಿಯಾಗಿ ಸೇರಿಸುತ್ತೇವೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದರಿಂದ, ತೆ ಅನೌ ದಾಟಿದ ಮೇಲೆ ದಾರಿಯಲ್ಲಿ ಊಟ, ಪೆಟ್ರೋಲ್, ಫೋನ್ ಸಂಪರ್ಕ ಹೇಗೆ ಎಂಬುದೊಂದು ಉಳಿದಿದೆ.

ಉತ್ತರ 1 ಬರೆದವರು:

ಟ್ಯಾಂಕನ್ನು ತೆ ಅನೌ ಊರಿನಲ್ಲಿಯೇ ತುಂಬಿಸಿ, ತಂದೆಯವರಿಗೆ ಬೇಕಾದ ಊಟ ತಿಂಡಿಯನ್ನೂ ಕಟ್ಟಿಸಿಕೊಳ್ಳಿ. ಅಲ್ಲಿಂದ ಮುಂದೆ ಬಹುಪಾಲು ದಾರಿಯಲ್ಲಿ ಫೋನ್ ಸಿಗುವುದಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡು, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ತಂಗುವ ಮನೆಯವರಿಗೆ ಹೇಳಿ ಹೊರಡಿ. ಸಂಪರ್ಕವಿರುವ ಕಡೆ ತುರ್ತು ಕರೆಯ ಸಂಖ್ಯೆ 111. ದೋಣಿ ವಿಹಾರದ ಟಿಕೆಟಿನ ಸಮಯಕ್ಕಿಂತ ಮೂರು ಗಂಟೆ ಮೊದಲೇ ಹೊರಟರೆ ಎಲ್ಲಿಯೂ ಅವಸರ ಮಾಡಬೇಕಾಗುವುದಿಲ್ಲ. ಕೊನೆಯಲ್ಲಿ ಬರುವ ಹೋಮರ್ ಸುರಂಗವು 1.2 ಕಿಲೋಮೀಟರ್ ಉದ್ದವಿದ್ದು, ಮಿಲ್ಫರ್ಡ್ ಕಡೆಗೆ ಕಡಿದಾಗಿ ಇಳಿಯುತ್ತದೆ. ಡಿಸೆಂಬರ್ ಇಲ್ಲಿ ಬೇಸಿಗೆ; ಆಗಿನ ದಟ್ಟಣೆಯಲ್ಲಿ ಸಿಗ್ನಲ್ ಹಾಕಿ ಒಂದೊಂದೇ ಬದಿಯ ವಾಹನಗಳನ್ನು ಬಿಡುತ್ತಾರೆ. ಬಿಸಿಲಿನಿಂದ ಒಮ್ಮೆಲೇ ಕತ್ತಲೆಗೆ ಹೋಗುವುದರಿಂದ ತಂಪು ಕನ್ನಡಕವನ್ನು ಸುರಂಗದ ಬಾಯಿಗೆ ಬರುತ್ತಿದ್ದಂತೆಯೇ ತೆಗೆದು, ಹೆಡ್‌ಲೈಟ್ ಹಾಕಿ ಒಳಗೆ ಹೋಗಿ. ಆಚೆ ಬದಿಯ ಹಿಮ್ಮುರಿ ತಿರುವುಗಳನ್ನು ಬರೀ ಬ್ರೇಕ್ ತುಳಿಯುತ್ತಾ ಇಳಿಯದೆ, ಸಂಪಾಜೆಯಲ್ಲಿ ಮಾಡುವಂತೆಯೇ ಕೆಳಗಿನ ಗೇರಿನಲ್ಲಿ ಇಳಿಯಿರಿ.